ಮೂರು ಬ್ಯಾಗ್, ಎರಡು ಕ್ಯಾರಿಯರ್, ಒಂದು ಹಿಮ್ಮಡಿ

ಹಿಂದಿನ ಕ್ಯಾರಿಯರ್‌ಗೆ ಹೊಸ ಬ್ಯಾಗ್ ಕಟ್ಟಿಕೊಂಡು ಸೈಕಲ್ ಹತ್ತಿದ ಮೊದಲ ದಿನ 'ಟಪ್, ಟಪ್' ಅಂತ ಶಬ್ದ. ಚೈನ್ ಇರಬೇಕು ಅಂದುಕೊಂಡೆ. ಇಳಿದು ನೋಡಿದರೆ ಚೈನ್ ಸರಿಯಾಗಿಯೇ ಇದೆ. ಮತ್ತೆ ಹತ್ತಿದೆ, ಮತ್ತೆ ಟಪ್ ಟಪ್. ಪ್ರತಿ ತುಳಿತಕ್ಕೂ ನನ್ನ ಹಿಮ್ಮಡಿಯೇ ಬ್ಯಾಗನ್ನು ಒದೆಯುತ್ತಿದೆ ಅಂತ ತಿಳಿಯಲು ಅರ್ಧ ಕಿಲೋಮೀಟರ್ ಬೇಕಾಯಿತು. ಕಾಲೇಜು ಮುಟ್ಟುವ ಹೊತ್ತಿಗೆ ಬ್ಯಾಗಿನ ಮೂಲೆಗೆ ಶೂ ಪಾಲಿಶ್ ಮೆತ್ತಿಕೊಂಡಿತ್ತು.

ನಾನು ಭೌತಶಾಸ್ತ್ರದ ಮೇಷ್ಟ್ರು. ಮನೆಯಿಂದ ಕಾಲೇಜಿಗೆ 9 ಕಿಲೋಮೀಟರ್. ವರ್ಷಗಟ್ಟಲೆ ಬೆನ್ನಿಗೆ ಬ್ಯಾಗ್ ಹಾಕಿಕೊಂಡೇ ಹೋದೆ. ಮೊದಲ ಪೀರಿಯಡ್‌ನಲ್ಲಿ ಬೋರ್ಡಿನ ಕಡೆ ತಿರುಗಲು ಸಂಕೋಚ, ಯಾಕೆಂದರೆ ಅಂಗಿಯ ಬೆನ್ನ ಮೇಲೆ ಬ್ಯಾಗಿನ ಆಕಾರದಲ್ಲೇ ಬೆವರಿನ ನಕ್ಷೆ. ಭುಜದ ನೋವು ಬೇರೆ. ಆ ಭಾರವನ್ನು ಬೆನ್ನಿನಿಂದ ಇಳಿಸಿ ಸೈಕಲ್ ಮೇಲೆ ಹಾಕೋಣ ಅಂತ ಹೊರಟವನು, ಎರಡೂವರೆ ವರ್ಷದಲ್ಲಿ ಮೂರು ಬ್ಯಾಗ್ ಮತ್ತು ಎರಡು ಕ್ಯಾರಿಯರ್ ಬದಲಿಸಿದೆ. ಮೂರನೇ ಬ್ಯಾಗ್ ಮತ್ತು ಎರಡನೇ ಕ್ಯಾರಿಯರ್ ಈಗಲೂ ಇವೆ, ಚೆನ್ನಾಗಿವೆ. ಆದರೆ ಮೊದಲಿನವುಗಳ ಕತೆಯೇ ನಿಮಗೆ ಜಾಸ್ತಿ ಉಪಯೋಗಕ್ಕೆ ಬಂದೀತು.

ಮೊದಲು ಭಾರದ ಲೆಕ್ಕ. ಅಡುಗೆಮನೆಯ ತಕ್ಕಡಿಯಲ್ಲಿ ಒಂದೊಂದಾಗಿ ತೂಗಿದೆ. ಲ್ಯಾಪ್‌ಟಾಪ್ 1.8 ಕಿಲೋ, ಚಾರ್ಜರ್ 400 ಗ್ರಾಂ, ಬೀಗ 1.2 ಕಿಲೋ, ತುಂಬಿದ ನೀರಿನ ಬಾಟಲಿ 1 ಕಿಲೋ ಚಿಲ್ಲರೆ, ಊಟದ ಡಬ್ಬಿ 800 ಗ್ರಾಂ, ರೇನ್‌ಕೋಟ್ 400. ಪರೀಕ್ಷೆಯ ಕಾಲದಲ್ಲಿ ಇದರ ಮೇಲೆ ಉತ್ತರ ಪತ್ರಿಕೆಗಳ ಕಟ್ಟು. ಅದನ್ನು ತೂಗಲೇಬೇಕಿಲ್ಲ. 80 ಜಿಎಸ್ಎಂ (ಚದರ ಮೀಟರಿಗೆ 80 ಗ್ರಾಂ) ಎ4 ಹಾಳೆ ಒಂದಕ್ಕೆ 5 ಗ್ರಾಂ. 40 ಮಕ್ಕಳು, ತಲಾ 12 ಹಾಳೆ, ಒಟ್ಟು 2.4 ಕಿಲೋ. ಎಲ್ಲ ಕೂಡಿದರೆ ಹೆಚ್ಚುಕಡಿಮೆ 8 ಕಿಲೋ. ನೀವೂ ಒಂದು ಸಲ ತೂಗಿ ನೋಡಿ. ಎಷ್ಟು ಲೀಟರಿನ ಬ್ಯಾಗ್ ಬೇಕು ಅನ್ನುವುದಕ್ಕಿಂತ ಎಷ್ಟು ಕಿಲೋ ಹೊರಬೇಕು ಅನ್ನುವುದು ಮೊದಲು ಗೊತ್ತಾಗಬೇಕು.

ನಾನು ಅದನ್ನೇನೂ ನೋಡದೆ ಮೊದಲು ಬ್ಯಾಗ್ ಕೊಂಡೆ. ಕ್ಯಾರಿಯರ್ ಮೇಲೆ ಕತ್ತೆಯ ಬೆನ್ನಿಗೆ ಹೇರಿದ ಹಾಗೆ ಎರಡೂ ಕಡೆ ಇಳಿಬೀಳುವ ಜೋಡಿ ಚೀಲ. ನೋಡಲು ಚಂದ, ಜಿಪ್ಪುಗಳು ಹತ್ತಾರು. ಹೆಸರು ಬೇಡ ಬಿಡಿ. ಆಮೇಲೆ ಅದಕ್ಕೆ ಹೊಂದುವ ಕ್ಯಾರಿಯರ್ ಹುಡುಕುತ್ತಾ ಸೈಕಲ್ ರಿಪೇರಿಯವರ ಹತ್ತಿರ ಹೋದೆ. ಅವರು ಒಂದೇ ಮಾತು ಹೇಳಿದರು: "ಮೇಷ್ಟ್ರೇ, ನೀವು ಟೋಪಿ ತಗೊಂಡು ಆಮೇಲೆ ತಲೆ ಹುಡುಕ್ತಿದೀರಿ." ಆಗ ನಕ್ಕು ಸುಮ್ಮನಾದೆ. ಸಿಕ್ಕಿದ ಒಂದು ಅಲ್ಯೂಮಿನಿಯಂ ಕ್ಯಾರಿಯರ್ ಹಾಕಿಸಿಕೊಂಡು ಬಂದೆ.

ಹಿಮ್ಮಡಿಯ ವಿಷಯಕ್ಕೆ ಬರುತ್ತೇನೆ. ಇದು ಸುಮ್ನೆ ಗಣಿತ. ಹಾಕಿ ನೋಡಿ ತಿಳಿಯಬೇಕಾದ ವಿಷಯವೇ ಅಲ್ಲ, ಮನೆಯಲ್ಲಿ ಕೂತು ಟೇಪಿನಲ್ಲಿ ಅಳೆದರೆ ಸಾಕು. ಪೆಡಲ್ ಪೂರ್ತಿ ಹಿಂದಕ್ಕೆ ಬಂದಾಗ, ಪೆಡಲ್‌ಗಳ ನಡುಮಧ್ಯದಿಂದ ಅದು ಒಂದು ಕ್ರ್ಯಾಂಕ್‌ನಷ್ಟು (ಪೆಡಲ್ ಹಿಡಿದ ತೋಳಿನಷ್ಟು) ಹಿಂದಿರುತ್ತದೆ. ನನ್ನ ಕ್ರ್ಯಾಂಕ್ 17 ಸೆಂ.ಮೀ. ಪೆಡಲಿನಿಂದ ಶೂ ಹಿಮ್ಮಡಿಯ ತುದಿಗೆ 21. ಕೂಡಿದರೆ 38. ಅದೇ ನಡುಮಧ್ಯದಿಂದ ಹಿಂದಿನ ಚಕ್ರದ ಆಕ್ಸಲ್‌ಗೆ (ನಡುವಿನ ಅಚ್ಚಿಗೆ) ನನ್ನ ಸೈಕಲ್‌ನಲ್ಲಿ 42.5 ಸೆಂ.ಮೀ. ಅಂದರೆ ಹಿಮ್ಮಡಿಗೂ ಆಕ್ಸಲ್‌ಗೂ ನಡುವೆ ಉಳಿಯುವುದು ಬರೀ 4.5. ಬ್ಯಾಗಿನ ಕೆಳಭಾಗದ ಅಗಲ 23 ಅಂದುಕೊಳ್ಳಿ. ಅದನ್ನು ಆಕ್ಸಲ್‌ನ ನೇರಕ್ಕೆ ನಡುಮಾಡಿ ತೂಗುಹಾಕಿದರೆ 11.5 ಸೆಂ.ಮೀ. ಮುಂದೆ ಬರುತ್ತದೆ. ಒದೆಯದೆ ಇನ್ನೇನು ಮಾಡೀತು ಪಾಪದ ಕಾಲು?

ಹಾಗಾಗಿ ನನ್ನ ಬ್ಯಾಗ್ ಕನಿಷ್ಠ 7 ಸೆಂ.ಮೀ. ಹಿಂದೆ ಸರಿಯಬೇಕು. ಎರಡು ಬೆರಳಿನಷ್ಟು ಜಾಗ ಬಿಟ್ಟರೆ ಸುಮಾರು 10. ಉದ್ದ ಪ್ರವಾಸಕ್ಕೆಂದೇ ಮಾಡಿದ ಸೈಕಲ್‌ಗಳಲ್ಲಿ ಹಿಂದಿನ ಚಕ್ರವೇ ಸ್ವಲ್ಪ ದೂರ ಇರುತ್ತದೆ, ನಡುಮಧ್ಯದಿಂದ ಆಕ್ಸಲ್‌ಗೆ 44, 45 ಸೆಂ.ಮೀ. ಬರುತ್ತದೆ. ಅವರಿಗೆ ಚಿಂತೆ ಕಡಿಮೆ. ರೋಡ್ ಸೈಕಲ್‌ಗಳಲ್ಲಿ ಇದು 41ರ ಆಸುಪಾಸು. ಅಂಥ ಸೈಕಲ್ ಇದ್ದು ಪಾದವೂ ದೊಡ್ಡದಿದ್ದರೆ ದೊಡ್ಡ ಬ್ಯಾಗಿನ ಆಸೆ ಬಿಡುವುದೇ ವಾಸಿ. ಮುಂದಿನ ಅಂಚು ಓರೆಯಾಗಿ ಕತ್ತರಿಸಿದಂತಿರುವ ಬ್ಯಾಗ್‌ಗಳನ್ನು ಮಾಡುವುದೇ ಈ ಹಿಮ್ಮಡಿಗೋಸ್ಕರ. ನಾನು ಅದನ್ನು ಬಹಳ ದಿನ ಫ್ಯಾಷನ್ ಅಂದುಕೊಂಡಿದ್ದೆ.

ಮೊದಲ ಬ್ಯಾಗಿನ ಅಂತ್ಯ ಮಳೆಯಲ್ಲಾಯಿತು. ಅದರ ಜೊತೆ ಹಳದಿ ಬಣ್ಣದ ಮಳೆ ಹೊದಿಕೆ ಕೊಟ್ಟಿದ್ದರು. ಮೇಲಿನಿಂದ ಬೀಳುವ ನೀರನ್ನು ಅದು ಚೆನ್ನಾಗಿಯೇ ತಡೆಯಿತು. ಆದರೆ ಸೈಕಲ್ ಬ್ಯಾಗಿಗೆ ನೀರು ಬರುವುದು ಮೇಲಿನಿಂದ ಮಾತ್ರ ಅಲ್ಲ. ಚಕ್ರ ಕೆಳಗಿನಿಂದ ಎರಚುತ್ತದೆ, ಅದೂ ಹೊದಿಕೆ ಇಲ್ಲದ ಒಳಮೈಗೆ. ಆ ನೀರು ಒಳಗಿಳಿದು ಹೊದಿಕೆಯ ತಳದಲ್ಲಿ ಬೋಗುಣಿಯಲ್ಲಿ ನಿಂತ ಹಾಗೆ ನಿಂತಿತು. ಉತ್ತರ ಪತ್ರಿಕೆಗಳು ಅದರಲ್ಲಿ ನೆನೆದವು. ಮನೆಯಲ್ಲಿ ಫ್ಯಾನ್ ಕೆಳಗೆ ಒಂದೊಂದೇ ಹಾಳೆ ಹರಡಿ ಒಣಗಿಸಿದೆವು. ನೀಲಿ ಇಂಕು ಹರಡಿ ಕೆಲವರ ಉತ್ತರ ಮೋಡದ ಚಿತ್ರದಂತಾಗಿತ್ತು. ತರಗತಿಯಲ್ಲಿ ಒಬ್ಬ ಎದ್ದು ನಿಂತು "ಸರ್, ನನ್ನ ಐದು ಮಾರ್ಕು ಮಳೇಲಿ ಹೋಯ್ತಾ?" ಅಂದ. ಕೊಟ್ಟೆ, ಐದಕ್ಕೆ ಐದೂ. ಇನ್ನೇನು ಮಾಡಲಿ?

ಎರಡನೇ ಬ್ಯಾಗ್ ಒಂಟಿ. ಮೇಲೆ ಎರಡು ಸಾದಾ ಕೊಕ್ಕೆ, ಕೆಳಗೆ ಇಲಾಸ್ಟಿಕ್ ದಾರದ ತುದಿಯಲ್ಲಿ ಒಂದು ಸಣ್ಣ ಕೊಕ್ಕೆ. ಇಲಾಸ್ಟಿಕ್ಕನ್ನು ಕೆಳಕ್ಕೆ ಎಳೆದು ಕ್ಯಾರಿಯರ್ ಕಾಲಿಗೆ ಸಿಕ್ಕಿಸಬೇಕು. ಮೊದಲ ಕೆಲವು ತಿಂಗಳು ತಕರಾರಿಲ್ಲ. ಆಮೇಲೆ ಇಲಾಸ್ಟಿಕ್ ಹಳೇ ಪೈಜಾಮದ ಇಲಾಸ್ಟಿಕ್‌ನಂತಾಯಿತು. ಒಂದು ದಿನ ರಸ್ತೆಯ ಉಬ್ಬು ದಾಟಿದಾಗ ಬ್ಯಾಗ್ ಎಗರಿತು. ಮುಂದಿನ ಕೊಕ್ಕೆ ಬಿಟ್ಟುಕೊಂಡು ಹಿಂದಿನದರಲ್ಲೇ ಜೋತಾಡಿ, ಚಕ್ರದ ಕಡ್ಡಿಗಳಿಗೆ ಉಜ್ಜತೊಡಗಿತು. ನಿಧಾನವಾಗಿ ಹೋಗುತ್ತಿದ್ದೆ, ಬಚಾವಾದೆ. ಇಳಿಜಾರಿನಲ್ಲಾಗಿದ್ದರೆ ಚೀಲದ ಪಟ್ಟಿ ಚಕ್ರದೊಳಗೆ ಸಿಕ್ಕಿ ಹಿಂದಿನ ಚಕ್ರ ಗಕ್ಕನೆ ನಿಲ್ಲುತ್ತಿತ್ತು.

ಅವತ್ತಿನಿಂದ ನಾನು ಬ್ಯಾಗ್ ನೋಡುವಾಗ ತಿರುಗಿಸಿ ಬೆನ್ನನ್ನೇ ಮೊದಲು ನೋಡುತ್ತೇನೆ. ಬಟ್ಟೆ, ಬಣ್ಣ, ಜೇಬು ಎಲ್ಲ ಆಮೇಲೆ. ಬೆನ್ನಿನಲ್ಲಿ ಗಟ್ಟಿ ಹಲಗೆ ಇರಬೇಕು. ಮೇಲಿನ ಕೊಕ್ಕೆಗಳು ಕ್ಯಾರಿಯರ್ ಕೊಳವೆಯನ್ನು ಕೆಳಗಿನಿಂದಲೂ ಹಿಡಿದು ಲಾಕ್ ಆಗಬೇಕು, ಮೇಲೆ ಕೂತರೆ ಮಾತ್ರ ಸಾಲದು. ಅವುಗಳನ್ನು ಬ್ಯಾಗಿನ ಬೆನ್ನಲ್ಲಿರುವ ಹಳಿಯ ಮೇಲೆ ಎಡಕ್ಕೂ ಬಲಕ್ಕೂ ಜರುಗಿಸಲು ಬರಬೇಕು, ಇಲ್ಲದಿದ್ದರೆ ಹಿಮ್ಮಡಿಗೆ ಜಾಗ ಸಿಗುವುದಿಲ್ಲ. ಕೆಳಗೆ ಒಂದು ಗಟ್ಟಿ ಕೊಕ್ಕೆ ಕ್ಯಾರಿಯರ್ ಕಾಲಿನ ಹಿಂದೆ ಹೋಗಿ ನಿಲ್ಲಬೇಕು. ಇದನ್ನು ಯಾರೂ ನೋಡುವುದೇ ಇಲ್ಲ. ಭಾರ ಹೊರುವುದು ಮೇಲಿನ ಕೊಕ್ಕೆಗಳೇ ನಿಜ. ಆದರೆ ತಿರುವಿನಲ್ಲಿ ಬ್ಯಾಗ್ ರೆಕ್ಕೆಯಂತೆ ಹೊರಗೆ ಬಿಚ್ಚಿಕೊಂಡು, ವಾಪಸ್ ಬಂದು ಬಡಿಯದಂತೆ ತಡೆಯುವುದು ಆ ಕೆಳಗಿನ ಒಂದು ಕೊಕ್ಕೆ.

ಕೊಳವೆಯ ದಪ್ಪವನ್ನೂ ನೋಡಬೇಕು. ಲ್ಯಾಬಿನಿಂದ ವರ್ನಿಯರ್ ಕ್ಯಾಲಿಪರ್ ತಂದು ಅಳೆದೆ (ಮಕ್ಕಳಿಗೆ ಅದನ್ನೇ ಹತ್ತು ವರ್ಷದಿಂದ ಕಲಿಸುತ್ತಿದ್ದೇನೆ, ಮೊದಲ ಸಲ ನಿಜವಾದ ಕೆಲಸಕ್ಕೆ ಬಂತು). ನನ್ನದು 10 ಮಿ.ಮೀ. ಒಳ್ಳೆಯ ಕ್ಯಾರಿಯರ್‌ಗಳಲ್ಲಿ ಇದೇ ಸಾಮಾನ್ಯ. ಕೆಲವು ದಪ್ಪ ಕೊಳವೆಯವು 16ರವರೆಗೂ ಇರುತ್ತವೆ. 16ಕ್ಕೆ ಮಾಡಿದ ಕೊಕ್ಕೆಯನ್ನು 10ರ ಮೇಲೆ ಹಾಕಿದರೆ ದಾರಿಯುದ್ದಕ್ಕೂ ಕಟಕಟ. ಅದಕ್ಕೆ ಕೊಕ್ಕೆಯ ಒಳಗೆ ಸಿಕ್ಕಿಸುವ ಪ್ಲಾಸ್ಟಿಕ್ ತುಂಡುಗಳನ್ನು ಬ್ಯಾಗಿನ ಜೊತೆಗೇ ಕೊಡುತ್ತಾರೆ. ಬಹಳ ಜನ ಅದನ್ನು ಪ್ಯಾಕಿಂಗ್ ಕಸ ಅಂತ ಎಸೆದುಬಿಡುತ್ತಾರೆ. ಎಸೆಯಬೇಡಿ.

ಈ ನಡುವೆ ಮೊದಲ ಕ್ಯಾರಿಯರ್ ಕೈಕೊಟ್ಟಿತು. ಒಂದು ಸಂಜೆ ಹ್ಯಾಂಡಲ್ ಯಾಕೋ ಅಲ್ಲಾಡಿದಂತಾಯಿತು. ಟಯರ್‌ನಲ್ಲಿ ಗಾಳಿ ಕಡಿಮೆ ಅಂದುಕೊಂಡು ಹೋಗುತ್ತಲೇ ಇದ್ದೆ. ಎಡಗಡೆ ಕೆಳಗಿನ ಬೋಲ್ಟ್ ದಾರಿಯಲ್ಲೇ ಎಲ್ಲೋ ಬಿದ್ದುಹೋಗಿತ್ತು. ಕ್ಯಾರಿಯರ್ ಒಂಟಿ ಕಾಲಿನಲ್ಲಿ ಕುಂಟುತ್ತಿತ್ತು. ಶೂ ಲೇಸ್ ಬಿಚ್ಚಿ ಕಟ್ಟಿಕೊಂಡು ಮನೆ ಸೇರಿದೆ.

ಬೋಲ್ಟ್ ಯಾಕೆ ಬಿತ್ತು ಅಂತ ನೋಡಿದರೆ ತಪ್ಪಿನಲ್ಲಿ ನನ್ನ ಪಾಲೂ ಇತ್ತು. ನನ್ನ ಸೈಕಲ್‌ಗೆ ಡಿಸ್ಕ್ ಬ್ರೇಕ್. ಬ್ರೇಕ್ ಎಡಗಡೆ ಫ್ರೇಮಿನಿಂದ ಹೊರಗೆ ಚಾಚಿಕೊಂಡಿದೆ. ಅದಕ್ಕೆ ತಾಗಬಾರದು ಅಂತ ಕ್ಯಾರಿಯರ್ ಕಾಲಿಗೂ ಫ್ರೇಮಿಗೂ ನಡುವೆ ವಾಷರ್ ಮೇಲೆ ವಾಷರ್ ಪೇರಿಸಿ ಉದ್ದನೆಯ ಬೋಲ್ಟ್ ಹಾಕಿದ್ದೆವು. ಈಗ ನೋಡಿ: ಕಾಲು ಫ್ರೇಮಿಗೆ ಅಂಟಿಕೊಂಡಿದ್ದರೆ ಬಿಗಿದ ಎರಡು ಮೈಗಳ ಹಿಡಿತವೇ ಭಾರ ತಡೆಯುತ್ತದೆ. ನಡುವೆ 2 ಸೆಂ.ಮೀ. ಸಂದು ಬಿಟ್ಟರೆ ಬೋಲ್ಟೇ ಸನ್ನೆಕೋಲಾಗುತ್ತದೆ. ಪ್ರತಿ ಗುಂಡಿಗೂ ಅದು ಒಂಚೂರು ಬಾಗುತ್ತದೆ, ಒಂಚೂರು ಸಡಿಲವಾಗುತ್ತದೆ. ಎಂ5 ಬೋಲ್ಟ್, ಬರೀ 5 ಮಿ.ಮೀ. ದಪ್ಪ. ಎಷ್ಟು ದಿನ ತಡೆದೀತು? ಡಿಸ್ಕ್ ಬ್ರೇಕ್ ಇದ್ದರೆ ಅದಕ್ಕೆಂದೇ ಕಾಲನ್ನು ಹೊರಕ್ಕೆ ಬಾಗಿಸಿದ ಕ್ಯಾರಿಯರ್ ತೆಗೆದುಕೊಳ್ಳಬೇಕು, ಇಲ್ಲವೇ ಬ್ರೇಕ್ ಫ್ರೇಮಿನ ಒಳಗಡೆ ಕೂರುವ ಸೈಕಲ್ ಇರಬೇಕು. ವಾಷರ್ ಗೋಪುರ ಬೇಡ.

ಅಂದಹಾಗೆ, ಕ್ಯಾರಿಯರ್‌ನ ಭಾರವೆಲ್ಲ ಬೀಳುವುದು ಬಹುಪಾಲು ಕೆಳಗಿನ ಎರಡು ಬೋಲ್ಟ್‌ಗಳ ಮೇಲೆ. ಸೀಟಿನ ಕಡೆ ಹೋಗುವ ಮೇಲಿನ ಎರಡು ಕಂಬಿಗಳು ಅದು ಮುಂದೆ ಹಿಂದೆ, ಪಕ್ಕಕ್ಕೆ ವಾಲದಂತೆ ಹಿಡಿಯುತ್ತವೆ ಅಷ್ಟೇ. ಹಾಗಾಗಿ ಫ್ರೇಮಿನಲ್ಲಿ ಮೇಲೆ ತೂತಿಲ್ಲದಿದ್ದರೆ ಕ್ಲಾಂಪ್ (ಕೊಳವೆಯನ್ನು ಕಚ್ಚಿ ಹಿಡಿಯುವ ಪಟ್ಟಿ) ಹಾಕಿ ಸುಧಾರಿಸಬಹುದು. ಕೆಳಗೆ ತೂತಿಲ್ಲದ ಫ್ರೇಮ್ ಆದರೆ ಯೋಚನೆ ಮಾಡಿ. ಆಕ್ಸಲ್‌ಗೇ ಕೂರಿಸುವ ಅಡಾಪ್ಟರ್ ಸಿಗುತ್ತವೆ, ಅದು ಸರಿಯಾದ ದಾರಿ. ಸೀಟಿನ ಕಂಬಕ್ಕೆ ಮಾತ್ರ ಕಚ್ಚಿಕೊಂಡು ಗಾಳಿಯಲ್ಲಿ ನಿಲ್ಲುವ ಕ್ಯಾರಿಯರ್‌ಗಳೂ ಇವೆ. 8 ಕಿಲೋ ಹೊರುವವರು ಅದರ ತಂಟೆಗೆ ಹೋಗಬೇಡಿ. ಕಾರ್ಬನ್ ಫ್ರೇಮಿಗೆ, ತಯಾರಿಸಿದವರೇ ಹಾಕಬಹುದು ಅಂತ ಹೇಳದಿದ್ದರೆ, ಕ್ಲಾಂಪನ್ನೂ ಹಾಕಬೇಡಿ.

ಎರಡನೇ ಕ್ಯಾರಿಯರ್ ಕೊಳ್ಳುವಾಗ ಬುದ್ಧಿ ಬಂದಿತ್ತು. ಸ್ಟೀಲಿನದು ತೆಗೆದುಕೊಂಡೆ, ಟ್ಯೂಬಸ್ ಕಂಪನಿಯ 'ಲೋಗೋ' ಅನ್ನುವ ಮಾದರಿ. ಇದರಲ್ಲಿ ಬ್ಯಾಗ್ ತೂಗುಹಾಕುವ ಹಳಿ ಮೇಲಿನ ತಟ್ಟೆಗಿಂತ ಕೆಳಗೆ, ಬೇರೆಯಾಗಿ ಇದೆ. ಹಳಿ ಹಿಂದಕ್ಕೂ ಚಾಚಿದೆ. ನನಗೆ ಬೇಕಿದ್ದ ಆ 10 ಸೆಂ.ಮೀ. ಸಿಕ್ಕಿತು. ಭಾರ ಕೆಳಗಿಳಿದಷ್ಟೂ ಸೈಕಲ್ ಶಾಂತ. ಸಿಗ್ನಲ್‌ನಲ್ಲಿ ನಿಂತು ಹೊರಡುವಾಗ ಹಿಂಬದಿ ಬಾಲ ಅಲ್ಲಾಡಿಸುವುದು ಕಡಿಮೆಯಾಯಿತು. ಇನ್ನೊಂದು ಲಾಭ ಕೊಂಡ ಮೇಲೆ ಗೊತ್ತಾಗಿದ್ದು. ಮೇಲಿನ ತಟ್ಟೆಗೆ ಏನಾದರೂ ಕಟ್ಟಿದ್ದರೂ ಬ್ಯಾಗನ್ನು ತೆಗೆದು ಹಾಕಬಹುದು, ಕೊಕ್ಕೆಗೆ ಅಡ್ಡ ಬರುವುದಿಲ್ಲ.

ಸ್ಟೀಲೋ ಅಲ್ಯೂಮಿನಿಯಮ್ಮೋ ಅನ್ನುವ ಜಗಳಕ್ಕೆ ನಾನು ಹೆಚ್ಚು ಹೊತ್ತು ಕೊಡುವುದಿಲ್ಲ. ದಿನಾ ಆಫೀಸಿಗೆ 5, 6 ಕಿಲೋ ಹೊರುವವರಿಗೆ ಒಳ್ಳೆಯ ಅಲ್ಯೂಮಿನಿಯಂ ಕ್ಯಾರಿಯರ್ ಧಾರಾಳ ಸಾಕು. ಹಗುರ, ತುಕ್ಕಿಲ್ಲ. ಸ್ಟೀಲ್ ಮುರಿದರೆ ಯಾವ ವೆಲ್ಡಿಂಗ್ ಅಂಗಡಿಯವರಾದರೂ ಕೂಡಿಸಿಕೊಡುತ್ತಾರೆ, ಅಲ್ಯೂಮಿನಿಯಂ ಹಾಗಲ್ಲ. ಆದರೆ ಕೊಕ್ಕೆ ಉಜ್ಜಿ ಬಣ್ಣ ಹೋದ ಕಡೆ ಸ್ಟೀಲ್ ತುಕ್ಕು ಹಿಡಿಯುತ್ತದೆ. ನಾನು ಹಳೆಯ ಟ್ಯೂಬನ್ನು ಸೀಳಿ ಆ ಎರಡು ಜಾಗಕ್ಕೆ ಸುತ್ತಿದ್ದೇನೆ. ಲೋಹಕ್ಕಿಂತ ಕಾಲುಗಳ ಜೋಡಣೆ ಮುಖ್ಯ. ಪಕ್ಕದಿಂದ ನೋಡಿದರೆ ತ್ರಿಕೋನ ಕಾಣಬೇಕು, ಅದರಲ್ಲೂ ಒಂದು ಕಾಲು ಬ್ಯಾಗಿನ ಹಿಂಭಾಗದವರೆಗೆ ಚಾಚಿರಬೇಕು. ನನ್ನ ಮೊದಲನೆಯದರಲ್ಲಿ ಆ ಕಾಲು ಇರಲಿಲ್ಲ. ಬ್ಯಾಗಿನ ಹಿಂದಿನ ಕೆಳಮೂಲೆಗೆ ಆಸರೆ ಇಲ್ಲದೆ ಅದು ಚಕ್ರದ ಕಡೆ ವಾಲುತ್ತಿತ್ತು.

ಕ್ಯಾರಿಯರ್ ಮೇಲೆ ಒತ್ತಿದ ಅಂಕಿಯನ್ನೂ ಓದಿ. ಬಹಳ ಕಡೆ 25 ಕಿಲೋ ಅಂತ ಇರುತ್ತದೆ, ಪಕ್ಕದಲ್ಲೇ ಐಎಸ್ಒ 11243 ಅಂತಲೂ ಇರಬಹುದು. ಕ್ಯಾರಿಯರ್‌ಗಳ ಗಟ್ಟಿತನ ಪರೀಕ್ಷಿಸುವ ಅಂತರರಾಷ್ಟ್ರೀಯ ಮಾನದಂಡ ಅದು. ಆ 25ರಲ್ಲಿ ಬ್ಯಾಗಿನ ತೂಕವೂ ಸೇರಿದೆ. ಮಗುವಿನ ಸೀಟು ಕೂರಿಸಬಹುದೋ ಇಲ್ಲವೋ ಅನ್ನುವುದು ಬೇರೆ ಮಾತು, ಅದನ್ನು ಕ್ಯಾರಿಯರ್ ಮಾಡಿದವರು ಬರೆದಿದ್ದರೆ ಮಾತ್ರ ಹಾಕಿ.

ಈಗ ಮೂರನೇ ಬ್ಯಾಗ್. ಆರ್ಟ್‌ಲೀಬ್ ಕಂಪನಿಯ ಬ್ಯಾಕ್ ರೋಲರ್ ಕ್ಲಾಸಿಕ್, ಜೋಡಿ ಬ್ಯಾಗ್. ಒಂದೊಂದು 20 ಲೀಟರ್, ಜೋಡಿಗೆ 40. ಈ ಕಂಪನಿ ಶುರುವಾಗಿದ್ದು 1982ರಲ್ಲಿ, ಜರ್ಮನಿಯಲ್ಲಿ. ಹಾರ್ಟ್‌ಮುಟ್ ಆರ್ಟ್‌ಲೀಬ್ ಅನ್ನುವವರು ಮಳೆಯಲ್ಲಿ ಸೈಕಲ್ ತುಳಿಯುತ್ತಾ ನೆನೆದುಹೋಗಿದ್ದಾಗ ಲಾರಿಗಳ ಟಾರ್ಪಾಲಿನ್ ನೋಡಿ, ಇದರಲ್ಲೇ ಬ್ಯಾಗ್ ಮಾಡಿದರೆ ಹೇಗೆ ಅಂದುಕೊಂಡರಂತೆ. ನೆನೆದ ಉತ್ತರ ಪತ್ರಿಕೆ ಒಣಗಿಸಿದವನಿಗೆ ಆ ಯೋಚನೆಯ ಬೆಲೆ ಗೊತ್ತು! ಹೊಲಿಗೆ ಹಾಕಿದರೆ ಸೂಜಿಯ ಪ್ರತಿ ತೂತೂ ನೀರಿಗೆ ಬಾಗಿಲು. ಇದರಲ್ಲಿ ಅಂಚುಗಳನ್ನು ಹೊಲಿಯದೆ ಬೆಸೆದಿದ್ದಾರೆ. ಬಾಯಿಗೆ ಜಿಪ್ ಇಲ್ಲ. ಮೂರ್ನಾಲ್ಕು ಸುತ್ತು ಸುರುಳಿ ಸುತ್ತಿ ಬಕಲ್ ಹಾಕುವುದು. ಒಂದೇ ಸುತ್ತು ಸುತ್ತಿ ನೀರು ಬಂತು ಅಂದರೆ ತಪ್ಪು ನಮ್ಮದು.

ಮೇಲಿನ ಹಿಡಿಯನ್ನು ಎತ್ತಿದರೆ ಕೊಕ್ಕೆಗಳ ಲಾಕ್ ತಾನಾಗಿ ಬಿಚ್ಚಿಕೊಳ್ಳುತ್ತದೆ, ಬ್ಯಾಗ್ ಕೈಗೆ ಬರುತ್ತದೆ. ಒಂದೇ ಕೈಯ ಕೆಲಸ. ದಿನಕ್ಕೆ ನಾಲ್ಕು ಸಲ ತೆಗೆದು ಹಾಕುವವರಿಗೆ ಇದೇ ದೊಡ್ಡ ಸುಖ. ಕೆಳಗಿನ ಕೊಕ್ಕೆಯನ್ನು ಜರುಗಿಸಬಹುದು, ತಿರುಗಿಸಲೂಬಹುದು. ಅದನ್ನು ನನ್ನ ಕ್ಯಾರಿಯರ್ ಕಾಲಿಗೆ ಹೊಂದಿಸಲು ಒಂದು ಸಂಜೆ ಕೂತೆ. ಆಮೇಲೆ ಮುಟ್ಟಿಲ್ಲ.

ಈ ಬಗೆಯ ಬ್ಯಾಗ್ ಎಲ್ಲರಿಗೂ ಅಲ್ಲ. ಒಳಗೆ ಒಂದೇ ದೊಡ್ಡ ಬಾವಿ. ಕೀಲಿಕೈ ಹಾಕಿದರೆ ಮೊಣಕೈವರೆಗೆ ಕೈ ಇಳಿಸಿ ತಡಕಾಡಬೇಕು. ನೀರು ಒಳಗೆ ಬರದ ಬ್ಯಾಗಿನಿಂದ ನೀರು ಹೊರಗೂ ಹೋಗದು. ಒದ್ದೆ ರೇನ್‌ಕೋಟನ್ನು ಒಂದು ಶನಿವಾರ ಒಳಗೇ ಮರೆತೆ. ಸೋಮವಾರ ಬ್ಯಾಗ್ ತೆರೆದಾಗ ಸ್ಟಾಫ್ ರೂಮಿನಲ್ಲಿ ಪಕ್ಕದವರು ಕುರ್ಚಿ ಎಳೆದುಕೊಂಡು ದೂರ ಕೂತರು. ಈಗ ರೇನ್‌ಕೋಟ್ ಹೊರಗಡೆ, ತಟ್ಟೆಯ ಮೇಲೆ. ಮಳೆ ಅಪರೂಪದ ದಾರಿ, ಜೇಬುಗಳು ಬೇಕೇಬೇಕು ಅನ್ನುವವರಿಗೆ ಬಟ್ಟೆಯ ಬ್ಯಾಗೇ ಒಳ್ಳೆಯದು. ಇಂಗ್ಲೆಂಡಿನ ಕ್ಯಾರಡೈಸ್‌ನವರು ದಪ್ಪ ಹತ್ತಿ ಬಟ್ಟೆಯ ಸೈಕಲ್ ಬ್ಯಾಗ್‌ಗಳನ್ನು ಇವತ್ತಿಗೂ ಮಾಡುತ್ತಾರೆ. ನೆನೆದಾಗ ನೂಲು ಉಬ್ಬಿ ನೇಯ್ಗೆಯ ಸಂದುಗಳು ಮುಚ್ಚಿಕೊಳ್ಳುತ್ತವೆ. ನಾನು ಬಳಸಿಲ್ಲ, ಆದರೆ ಆ ಉಪಾಯ ನನಗೆ ಇಷ್ಟ.

ಲ್ಯಾಪ್‌ಟಾಪ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಬೆನ್ನಿಗೆ ಹಾಕಿದಾಗ ನಮ್ಮ ಮೈ, ಮೊಣಕಾಲು ಕುಲುಕನ್ನು ನುಂಗುತ್ತವೆ. ಕ್ಯಾರಿಯರ್ ಮೇಲೆ ಅದು ನೇರ ಬ್ಯಾಗಿಗೇ ಬರುತ್ತದೆ. ತಳ ಮುಟ್ಟದಂತೆ ನೇತಾಡುವ ಲ್ಯಾಪ್‌ಟಾಪ್ ಜೇಬು ಇದ್ದರೆ ಚಿಂತೆಯಿಲ್ಲ. ನಾನು ತಳಕ್ಕೆ ಒಂದು ಟವೆಲ್ ಮಡಿಸಿ ಇಡುತ್ತೇನೆ, ಮೇಲೆ ದಪ್ಪ ಕವರಿನಲ್ಲಿ ಲ್ಯಾಪ್‌ಟಾಪ್, ಬೆನ್ನ ಹಲಗೆಗೆ ಒರಗಿಸಿ. ಕಾಲೇಜಿಗೆ ಹೋದ ಮೇಲೆ ಅದೇ ಟವೆಲ್ ಬೆವರು ಒರೆಸಲು. ಭಾರದ ಬೀಗ ಎಲ್ಲಕ್ಕಿಂತ ಕೆಳಗೆ, ಆದರೆ ಲ್ಯಾಪ್‌ಟಾಪಿಗೂ ಅದಕ್ಕೂ ನಡುವೆ ಉತ್ತರ ಪತ್ರಿಕೆ. ಅವು ಒಳ್ಳೆಯ ಮೆತ್ತೆ, ಮಕ್ಕಳಿಗೆ ಹೇಳಬೇಡಿ.

ಒಂದು ಬ್ಯಾಗ್ ಹಾಕಬೇಕೋ ಎರಡೋ? ಒಂದೇ ಹಾಕಿದರೆ ಸೈಕಲ್ ವಾಲುವುದಿಲ್ಲವೇ ಅಂತ ಹೆದರಿದ್ದೆ. ಲೆಕ್ಕ ಹಾಕಿದೆ. 8 ಕಿಲೋ, ಚಕ್ರದ ನಡುವಿನಿಂದ 15 ಸೆಂ.ಮೀ. ಪಕ್ಕಕ್ಕೆ. ನಾನು ಮತ್ತು ಸೈಕಲ್ ಸೇರಿ 85 ಕಿಲೋ. ಸಮತೋಲಕ್ಕೆ ನಾವು ಇನ್ನೊಂದು ಕಡೆ ಸರಿಯಬೇಕಾದ್ದು 1.4 ಸೆಂ.ಮೀ. ಮೈ ಅದನ್ನು ತಾನಾಗಿಯೇ ಮಾಡಿಕೊಳ್ಳುತ್ತದೆ. ತುಳಿಯುವಾಗ ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ನಿಲ್ಲಿಸುವಾಗ. ಎಡಗಡೆ ಸ್ಟ್ಯಾಂಡ್, ಎಡಗಡೆಯೇ ಬ್ಯಾಗ್. ಮುಂದಿನ ಚಕ್ರ ಸರ್ರನೆ ತಿರುಗಿ ಸೈಕಲ್ ಮಲಗಿಬಿಡುತ್ತದೆ. ಬಲಗಡೆಗೆ ಬದಲಿಸಿದೆ. ಆದರೂ ಭಾರ ಇದ್ದ ದಿನ ಗೋಡೆಗೆ ಒರಗಿಸುವುದೇ ಕ್ಷೇಮ.

ಸೈಕಲ್ ಮೇಲೆ ಎಷ್ಟೇ ಚೆನ್ನಾಗಿದ್ದರೂ ಈ ಬ್ಯಾಗನ್ನು ಹೆಗಲಿಗೆ ಹಾಕಿ ನಡೆದರೆ ಕೊಕ್ಕೆಗಳು ಸೊಂಟಕ್ಕೆ ಚುಚ್ಚುತ್ತವೆ. ನನ್ನ ಲ್ಯಾಬ್ ಮೂರನೇ ಮಹಡಿಯಲ್ಲಿದೆ. ಕೊಕ್ಕೆಯನ್ನು ಹೊರಮುಖ ಮಾಡಿ ಹೊತ್ತರೆ ಚಕ್ರದ ಕಡೆಯ ಕೆಸರು ಗೋಡೆಗೆ, ಒಳಮುಖ ಮಾಡಿದರೆ ಪ್ಯಾಂಟಿಗೆ. ಬೆನ್ನಿಗೂ ಹಾಕಬಹುದಾದ ಸೈಕಲ್ ಬ್ಯಾಗ್‌ಗಳಲ್ಲಿ ಕೊಕ್ಕೆ ಮುಚ್ಚಲು ಒಂದು ಮಡಿಕೆ ಇರುತ್ತದೆ. ತುಂಬಾ ಮೆಟ್ಟಿಲು ಹತ್ತುವವರು ಅದನ್ನು ನೋಡಿ. ನನಗಂತೂ ಪೂರ್ತಿ ಮಡ್‌ಗಾರ್ಡ್ ಹಾಕಿಸಿದ ಮೇಲೆ ಕೆಸರಿನ ಕಾಟ ಅರ್ಧ ತಪ್ಪಿತು.

ಜೋಡಿಯ ಇನ್ನೊಂದು ಬ್ಯಾಗ್ ಪರೀಕ್ಷೆಯ ಕಾಲ ಬಿಟ್ಟರೆ ಮನೆಯಲ್ಲೇ ಇರುತ್ತದೆ. ಸದ್ಯ ಅದರಲ್ಲಿ ಬೆಕ್ಕು ಮಲಗುತ್ತದೆ.

ಕ್ಯಾರಿಯರ್ ಬೋಲ್ಟ್‌ಗಳಿಗೆ ನೀಲಿ ಥ್ರೆಡ್‌ಲಾಕರ್ (ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ತೊಟ್ಟು ಹಾಕಿದ್ದೇನೆ. 4 ಮಿ.ಮೀ. ಅಲೆನ್ ಕೀ ಮತ್ತು ಎರಡು ಎಂ5 ಬೋಲ್ಟ್ ಯಾವಾಗಲೂ ಬ್ಯಾಗಿನಲ್ಲಿರುತ್ತವೆ, ಆ ಶೂ ಲೇಸ್ ದಿನದಿಂದ. ತಿಂಗಳ ಮೊದಲ ಭಾನುವಾರ ನಾಲ್ಕೂ ಕಡೆ ಕೀ ಇಟ್ಟು ನೋಡುತ್ತೇನೆ. ಮಡ್‌ಗಾರ್ಡ್ ಹಾಕಲು ಬಿಚ್ಚಿದ್ದ ಎಡಗಡೆಯ ಬೋಲ್ಟಿಗೆ ಮತ್ತೆ ಥ್ರೆಡ್‌ಲಾಕರ್ ಹಾಕುವುದನ್ನು ಮರೆತಿದ್ದೆ. ಮೊನ್ನೆ ನೋಡಿದಾಗ ಅದು ಮಾತ್ರ ಕಾಲುಭಾಗ ಸುತ್ತು ಸಡಿಲವಾಗಿತ್ತು.